ಎಲ್ಲ ಮಕ್ಕಳಿಗೂ ಸೇರಿಸಿ ಒಂದೇ ಕಡತವೇ?

ನಿನ್ನೆ ಸಂಜೆ ದಾವಣಗೆರೆ ಕೋರ್ಟಿನ ಹೊರಗೆ ಮಂಡಕ್ಕಿ ತಿನ್ನುತ್ತ ಕಿರಿಯ ವಕೀಲರೊಬ್ಬರು, ‘ಟೆಕ್ಸಾಸಿನಲ್ಲಿ ಆ ಮಕ್ಕಳನ್ನೆಲ್ಲ ವಾಪಸ್ ಕೊಡಿಸಿತಲ್ಲ ಸರ್, ಅದೂ ಒಂದು ಕೋರ್ಟೇ?’ ಎಂದರು. ಕರಿಕೋಟು ತೊಟ್ಟವರ ಬಾಯಲ್ಲಿ ಈ ಮಾತು ಕೇಳಿ ಮೈಯೆಲ್ಲ ಉರಿಯಿತು.

2008ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಎಲ್ಡೊರಾಡೊ ಊರಿನ ಬಳಿ, ಬಹುಪತ್ನಿತ್ವವನ್ನೇ ಧರ್ಮವೆಂದು ನಂಬಿದ್ದ ಪಂಥವೊಂದರ ನೆಲೆಯಿಂದ ಸರ್ಕಾರ 400ಕ್ಕೂ ಹೆಚ್ಚು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಯಿತು. ದಾಳಿಗೆ ಕಾರಣವಾದದ್ದು, ತನ್ನ ಮೇಲೆ ದೌರ್ಜನ್ಯವಾಗುತ್ತಿದೆ ಎಂದು ಹದಿನಾರರ ಹುಡುಗಿಯ ಹೆಸರಲ್ಲಿ ಬಂದ ಫೋನ್ ಕರೆ; ಆ ಹುಡುಗಿ ಕೊನೆಗೂ ಸಿಗಲಿಲ್ಲ. ಅಪ್ರಾಪ್ತ ತಾಯಂದಿರೆಂದು ಮಕ್ಕಳ ರಕ್ಷಣೆಯ ಇಲಾಖೆ ಲೆಕ್ಕ ಹಾಕಿದ್ದವರಲ್ಲಿ ಹಲವರು ವಯಸ್ಕರೇ ಆಗಿದ್ದರು. ಇಡೀ ನೆಲೆಯೇ ಒಂದು ಮನೆ ಎಂಬುದು ಇಲಾಖೆಯ ವಾದ. ಸ್ಯಾನ್ ಆಂಜೆಲೊ ನಗರದ ಕೋರ್ಟಿನಲ್ಲಿ ನೂರಾರು ವಕೀಲರನ್ನು ಕೂರಿಸಿಕೊಂಡು ಎರಡೇ ದಿನದಲ್ಲಿ ಅಷ್ಟೂ ಮಕ್ಕಳ ವಿಚಾರಣೆ ಮುಗಿದು, ಎಲ್ಲರೂ ಸರ್ಕಾರದ ವಶದಲ್ಲೇ ಇರಲಿ ಎಂಬ ಆದೇಶವಾಯಿತು. ಹಾಲು ಕುಡಿಯುವ ಕೂಸಿಗೂ ಹದಿನೈದರ ಹುಡುಗಿಗೂ ಅಪಾಯ ಒಂದೇ ಎಂದಾದರೆ ವಿಚಾರಣೆ ಯಾತಕ್ಕೆ, ರಬ್ಬರ್ ಸ್ಟಾಂಪು ಸಾಲದೇ?

ಮೇಲ್ಮನವಿ ನ್ಯಾಯಾಲಯ ಕೇಳಿದ್ದೂ ಅದನ್ನೇ: ಈ ಮಗುವಿಗೆ, ಈ ಕ್ಷಣಕ್ಕೆ ಒದಗಿದ ಅಪಾಯ ಯಾವುದು, ಅದಕ್ಕೆ ಪುರಾವೆ ಎಲ್ಲಿ? ಪಂಥದ ನಂಬಿಕೆಯೊಂದೇ ಪುರಾವೆಯಾಗದು ಎಂದಿತು. ಮೇ 29ರಂದು ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು; ಮಕ್ಕಳು ಮನೆಗೆ ಮರಳಿದರು.

‘ಅಲ್ಲಿ ದೌರ್ಜನ್ಯ ನಡೆದದ್ದು ಸುಳ್ಳೇ?’ ಎನ್ನುತ್ತೀರಿ. ಸುಳ್ಳಲ್ಲ. ಪಂಥದ ಮುಖಂಡ ವಾರನ್ ಜೆಫ್ಸ್‌ಗೆ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಆಗಲೇಬೇಕಿತ್ತು. ಆ ಮನುಷ್ಯನ ಬಗ್ಗೆ ನನಗೆ ಎಳ್ಳಷ್ಟೂ ಮರುಕವಿಲ್ಲ. ಆದರೆ ಅವನ ಮೇಲೆ ಪುರಾವೆ ಇಟ್ಟು, ಜ್ಯೂರಿಯ ಮುಂದೆ ವಿಚಾರಣೆ ನಡೆಸಿಯೇ ಶಿಕ್ಷೆ ಕೊಟ್ಟರು. ಅಪರಾಧಿಗೆ ಸಿಕ್ಕ ಪ್ರತ್ಯೇಕ ವಿಚಾರಣೆ ಎರಡು ವರ್ಷದ ಕೂಸಿಗೇಕೆ ಬೇಡ? ಮಗುವನ್ನು ಒಯ್ಯುವ ಬದಲು ಆರೋಪ ಹೊತ್ತವನನ್ನೇ ಮನೆಯಿಂದ ಹೊರಗಿಡಲು ಅಲ್ಲಿಯ ಕಾನೂನಿನಲ್ಲಿ ದಾರಿಯಿತ್ತು.

ಇದು ಅಮೆರಿಕದ ಉಸಾಬರಿ ಎಂದು ನಗಬೇಡಿ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ, ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಮಗುವಿನ ಮನೆ, ಹಿನ್ನೆಲೆಗಳ ಸಾಮಾಜಿಕ ತನಿಖೆಯನ್ನು 15 ದಿನಗಳಲ್ಲಿ ಮುಗಿಸಬೇಕು, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎನ್ನುತ್ತದೆ. ಹಾಸ್ಟೆಲುಗಳೂ ಮಠಗಳೂ ಮದರಸಾಗಳೂ ತುಂಬಿರುವ ಜಿಲ್ಲೆ ನಮ್ಮದು. ನಾಳೆ ಯಾವುದಾದರೊಂದರ ಮೇಲೆ ದೂರು ಬಂದರೆ ಅಲ್ಲಿಯ ಅಷ್ಟೂ ಮಕ್ಕಳನ್ನು ಒಂದೇ ವ್ಯಾನಿಗೆ ಹತ್ತಿಸುವುದು ಸುಲಭ. ಪಕ್ಕದ ಬೀದಿಯವರದಾದರೆ ಚಪ್ಪಾಳೆ ತಟ್ಟುವವರಿಗೂ ಬರವಿಲ್ಲ.

ಜಗಳೂರು ಕಡೆಯ ತಾಯಿಯೊಬ್ಬಳು ಒಂದು ಕಚೇರಿಯ ಮೆಟ್ಟಿಲ ಮೇಲೆ ರೇಷನ್ ಕಾರ್ಡು, ಮಗನ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕೂತದ್ದನ್ನು ಕಂಡಿದ್ದೇನೆ. ಮಗನನ್ನು ಯಾಕೆ ಒಯ್ದರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ‘ಸೋಮವಾರ ಬಾಮ್ಮ’ ಎಂದರಂತೆ. ಮೇಲ್ಮನವಿಗೆ ಕಾಯ್ದೆ ಕೊಟ್ಟಿರುವುದು 30 ದಿನ. ಆದೇಶದ ಪ್ರತಿಯೇ ಕೈಗೆ ಬಾರದವಳು ಯಾವುದರ ಮೇಲೆ ಮನವಿ ಹಾಕಬೇಕಿತ್ತು?