ಅಮ್ಮನನ್ನು ಕರೆಸಿಕೊಳ್ಳುವುದಕ್ಕೆ ಇಷ್ಟೊಂದು ಲೆಕ್ಕವಾ?

ಅಮ್ಮನಿಗೆ 76. ಅಪ್ಪ ಹೋದ ಮೇಲೆ ಒಬ್ಬಳೇ ಇದ್ದಾಳೆ. ಆಸ್ಟ್ರೇಲಿಯಾಗೆ ಕರೆಸಿಕೊಂಡು ಜೊತೆಯಲ್ಲೇ ಇಟ್ಟುಕೊಳ್ಳೋಣ ಅಂತ ನನ್ನ ಆಸೆ.

ಕಾಯಂ ಪೇರೆಂಟ್ ವೀಸಾಗೆ ಮೊದಲು ಮಕ್ಕಳ ತಲೆ ಎಣಿಸುತ್ತಾರೆ. ಕನಿಷ್ಠ ಅರ್ಧದಷ್ಟು ಮಕ್ಕಳು ಇಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ದೇಶಕ್ಕಿಂತಲೂ ಇಲ್ಲೇ ಜಾಸ್ತಿ ಇರಬೇಕು. ನಾವು ಮೂವರು. ಇಲ್ಲಿರುವುದು ನಾನೊಬ್ಬನೇ, ಅಕ್ಕಂದಿರಿಬ್ಬರೂ ಭಾರತದಲ್ಲಿ. ಅಲ್ಲಿಗೆ ಮುಗಿಯಿತು. ಅಕ್ಕಂದಿರ ಮನೆಯಲ್ಲಿ ಅತ್ತೆ ಮಾವ ಹಾಸಿಗೆ ಹಿಡಿದಿದ್ದಾರೆ, ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ಉಳಿದದ್ದು ಅಪ್ಪ ಅಮ್ಮಂದಿರಿಗೆ ಕೊಡುವ ತಾತ್ಕಾಲಿಕ ವೀಸಾ, 870 ಅನ್ನುವುದು ಅದರ ನಂಬರ್. ಐದು ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗಿಂತ ಜಾಸ್ತಿ. ದುಡ್ಡು ಹೇಗೋ ಹೊಂದಿಸಿಕೊಳ್ಳುತ್ತೇನೆ, ಬಿಡಿ. ಆದರೆ ಐದು ವರ್ಷ ಮುಗಿದ ಮೇಲೆ 90 ದಿನ ದೇಶದ ಹೊರಗಿದ್ದರೇನೇ ಇನ್ನೊಂದು ವೀಸಾ. ಆಗ ಅಮ್ಮನಿಗೆ 81 ದಾಟಿರುತ್ತದೆ. ಆ ಮಂಡಿನೋವು ಇಟ್ಟುಕೊಂಡು ಅಷ್ಟು ದೂರ ಹೋಗಿ, ಬೀಗ ಹಾಕಿದ ಮನೆ ತೆಗೆದು ಮೂರು ತಿಂಗಳು ಒಬ್ಬಳೇ ಇರಬೇಕಾ? ಒಟ್ಟು ಹತ್ತು ವರ್ಷ ಆದರೆ ಅದೂ ಬಂದ್. ಆಮೇಲೆ ಎಲ್ಲಿಗೆ ಕಳಿಸಲಿ?

ನಿನ್ನೆ ವೀಡಿಯೊ ಕಾಲ್‌ನಲ್ಲಿ ಅಮ್ಮ ಸ್ವೆಟರ್‌ನ ಹೊಲಿದ ತೋಳು ತೋರಿಸಿದಳು. "ಸ್ವೆಟರ್ ಒಗೆದು ಇಟ್ಟಿದ್ದೀನಿ ಕಣೋ. ಅಲ್ಲಿ ಚಳಿ ಅಲ್ವಾ?"