ಲೆಕ್ಕಕ್ಕೆ ತೆಗೆದುಕೊಳ್ಳದ ದೂರುಗಳು

ಯಹೂದಿ ದ್ವೇಷದ ಘಟನೆಗಳ ಲೆಕ್ಕವನ್ನು ಯಹೂದಿ ಸಂಸ್ಥೆಗಳೇ ಇಟ್ಟರೆ ಅದು ಉಬ್ಬಿಸಿದ ಪ್ರಚಾರ ಅನ್ನುವವರಿದ್ದಾರೆ. ಆ ಲೆಕ್ಕ ಹೇಗೆ ಇಡುತ್ತಾರೆ ಅಂತ ನೋಡೋಣ. 1980ರ ಅಕ್ಟೋಬರ್ 3, ಶುಕ್ರವಾರ ಸಂಜೆ. ಪ್ಯಾರಿಸ್‌ನ ಕೊಪರ್ನಿಕ್ ಬೀದಿಯ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಪ್ರಾರ್ಥನೆ ನಡೆಯುತ್ತಿತ್ತು. ಹೊರಗೆ ನಿಲ್ಲಿಸಿದ್ದ ಬೈಕ್‌ನಲ್ಲಿದ್ದ ಬಾಂಬ್ ಸಿಡಿದು ನಾಲ್ವರು ಸತ್ತರು. ಆಗಿನ ಪ್ರಧಾನಿ ರೇಮೋಂ ಬಾರ್ ದಾಳಿಯನ್ನು ಖಂಡಿಸಿದರು. ಆದರೆ ಖಂಡಿಸಿದ ರೀತಿ ನೋಡಿ: ಸಿನಗಾಗ್‌ಗೆ ಹೋಗುವ ಯಹೂದಿಗಳಿಗೆ ಇಟ್ಟ ಗುರಿ, ಬೀದಿ ದಾಟುತ್ತಿದ್ದ ಅಮಾಯಕ ಫ್ರೆಂಚರಿಗೆ ತಾಗಿತಂತೆ! ಹಾಗಾದರೆ ಒಳಗಿದ್ದವರು ಅಮಾಯಕರಲ್ವಾ? ಫ್ರೆಂಚರಲ್ವಾ? ಹಿಟ್ಲರನ ಯುದ್ಧ ಮುಗಿದು ಆಗಲೇ 35 ವರ್ಷ ಆಗಿತ್ತು.

ಆ ದಾಳಿಯ ನಂತರ ಅಲ್ಲಿನ ಯಹೂದಿ ಸಂಸ್ಥೆಗಳು ಒಂದಾದವು. ರಾಜಕೀಯದ ಮಾತುಕತೆ ನೋಡಿಕೊಳ್ಳುವ ಕ್ರಿಫ್, ಧಾರ್ಮಿಕ ವಿಚಾರ ನೋಡುವ ಕನ್ಸಿಸ್ಟ್ವಾರ್, ಸಮಾಜಸೇವೆಯ ಎಫ್‌ಎಸ್‌ಜೆಯು ಸೇರಿ ಎಸ್‌ಪಿಸಿಜೆ ಅನ್ನುವ ರಕ್ಷಣಾ ಸೇವೆ ಕಟ್ಟಿದವು. ಸಿನಗಾಗ್, ಶಾಲೆಗಳ ಕಾವಲು ಅದರ ಒಂದು ಕೆಲಸ. ಇನ್ನೊಂದು, ಯಹೂದಿ ದ್ವೇಷದ ಘಟನೆಗಳ ಲೆಕ್ಕ. ಪೊಲೀಸರ ತನಕ ಹೋದ ದೂರುಗಳನ್ನೇ ಹಿಡಿದು, ಗೃಹ ಸಚಿವಾಲಯದ ಅಂಕಿ ಜೊತೆ ತಾಳೆ ನೋಡುತ್ತಾರೆ. ಪೊಲೀಸ್ ಠಾಣೆ ಮೆಟ್ಟಿಲು ಹತ್ತದವರು ಬಿಟ್ಟುಹೋಗುತ್ತಾರೆ, ನಿಜ. ಆದರೆ ಉಬ್ಬಿಸಿ ಹೇಳುತ್ತಿದ್ದಾರೆ ಅಂತ ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವುದು ಸಿಎಸ್‌ಟಿ (ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್) ಅನ್ನುವ ಯಹೂದಿ ಸಂಸ್ಥೆ. ಅವರ ದಾಖಲೆ 1984ರಿಂದ ಇದೆ. ಅವರ ವಾರ್ಷಿಕ ವರದಿಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಪತ್ರಿಕೆಗಳ ಹೆಡ್‌ಲೈನ್‌ಗೆ ಬಾರದ ಒಂದು ಭಾಗ. 2023ರಲ್ಲಿ 4,103 ಘಟನೆಗಳು ಅಂತ ವರದಿ ಹೇಳಿತು. ಎಲ್ಲರೂ ಅದನ್ನೇ ಬರೆದರು. ಅದೇ ವರ್ಷ ಬಂದ ಇನ್ನೂ 2 ಸಾವಿರಕ್ಕೂ ಹೆಚ್ಚು ದೂರುಗಳನ್ನು ಲೆಕ್ಕಕ್ಕೆ ಸೇರಿಸಿಲ್ಲ ಅಂತಲೂ ಅದೇ ವರದಿಯಲ್ಲಿದೆ. ಯಾರೋ ಕಟ್ಟಡದ ಹತ್ತಿರ ಅನುಮಾನ ಬರುವ ಹಾಗೆ ಸುಳಿದಾಡಿದರು ಅಂದರೆ ಅದು ಭದ್ರತೆಯ ವಿಷಯ, ದ್ವೇಷದ ಲೆಕ್ಕಕ್ಕೆ ಬರಲ್ಲ. ಇಸ್ರೇಲ್ ಸರ್ಕಾರವನ್ನು ಬೈದ ಮಾತ್ರಕ್ಕೂ ಬರಲ್ಲ. ಅದರಲ್ಲಿ ಯಹೂದಿಗಳ ಮೇಲಿನ ದ್ವೇಷದ ಮಾತೋ ಉದ್ದೇಶವೋ ಇರಬೇಕು, ಇಲ್ಲಾ ಯಹೂದಿಗಳು ಅಂತಲೇ ಗುರಿ ಮಾಡಿರಬೇಕು.

ಈ ಗೆರೆ ಎಲ್ಲಿ ಎಳೆಯಬೇಕು ಅನ್ನುವ ಜಗಳ ಮುಗಿದಿಲ್ಲ, ಬಿಡಿ. ಗಾಜಾ ಯುದ್ಧ ಶುರುವಾದ ಮೇಲಂತೂ ಅದು ಇನ್ನೂ ಜೋರಾಗಿದೆ. ಆದರೆ ನೊಂದ ಸಮುದಾಯವೇ ಲೆಕ್ಕ ಇಟ್ಟರೆ ಅದು ಬರೀ ಪ್ರಚಾರ ಅನ್ನುವವರನ್ನು ನಾನು ಒಪ್ಪಲ್ಲ. ಪ್ರಚಾರವೇ ಬೇಕಿದ್ದರೆ ಆ 2 ಸಾವಿರವನ್ನೂ ಸೇರಿಸಿ ಆರು ಸಾವಿರ ಅನ್ನಬಹುದಿತ್ತು. ಯಾರು ಕೇಳುತ್ತಿದ್ದರು?

ಇನ್ನೊಂದು ವಿಷಯ. 2012ರಲ್ಲಿ ಬ್ರಿಟನ್ನಿನ ಮುಸ್ಲಿಮರ ಮೇಲಿನ ದ್ವೇಷ ದಾಖಲಿಸೋಕೆ ಟೆಲ್ ಮಾಮಾ ಅನ್ನುವ ಸಂಸ್ಥೆ ಶುರುವಾಯಿತು. ಈ ಕೆಲಸದಲ್ಲಿ ಅವರಿಗೆ ಸಲಹೆ ಕೊಟ್ಟು ನೆರವಾದವರಲ್ಲಿ ಇದೇ ಸಿಎಸ್‌ಟಿಯೂ ಇತ್ತು.