ಒಂದು ಒಣದ್ರಾಕ್ಷಿಯ ಧ್ಯಾನ

ಮೊನ್ನೆ ತುಮಕೂರಿನ ನಮ್ಮ ಕಾಲೇಜಿನಲ್ಲಿ ನೂರೆಂಬತ್ತು ಮಕ್ಕಳಿಗೆ ತಲಾ ಒಂದೊಂದು ಒಣದ್ರಾಕ್ಷಿ ಹಂಚಿದರು. ಪ್ರಸಾದ ಅಂದುಕೊಳ್ಳಬೇಡಿ, ಮಾನಸಿಕ ಆರೋಗ್ಯ ಕಾರ್ಯಾಗಾರ. ನಾನು ಅಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಅಂದಮೇಲೆ ಊಟ ಹಾಕಿರ್ತಾರೆ ಬಿಡು ಅಂತ ನೀವು ಅಂದುಕೊಂಡರೆ, ನಿಮಗೆ ನಮ್ಮ ಇಲಾಖೆ ಗೊತ್ತಿಲ್ಲ.

ಕಾರ್ಯಕ್ರಮ ಇದ್ದದ್ದು ಒಂಬತ್ತೂವರೆಗೆ. ಹತ್ತೂಮುಕ್ಕಾಲಿಗೆ ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಯಿಂದ ಫೋನ್ ಬಂತು. 'ಕ್ಯಾತ್ಸಂದ್ರದಲ್ಲಿದ್ದೀವಿ, ತಟ್ಟೆ ಇಡ್ಲಿ ತಿಂದು ಬರ್ತೀವಿ.' ತಪ್ಪೇನಿಲ್ಲ. ಕ್ಯಾತ್ಸಂದ್ರ ದಾಟಿ ಬಂದೂ ತಟ್ಟೆ ಇಡ್ಲಿ ತಿನ್ನದವರ ಮನಸ್ಸೇ ಸರಿ ಇಲ್ಲ ಅಂತ ನಮ್ಮ ಕಡೆ ಲೆಕ್ಕ. ಅಷ್ಟೊತ್ತಿಗೆ ಸ್ವಾಗತ ಭಾಷಣ ಮುಗಿದಿತ್ತು. ಇದು ದಾಸೋಹದ ನೆಲ, ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಹಾಕುತ್ತಾರೆ ಅಂತ ಎದೆಯುಬ್ಬಿಸಿ ಹೇಳಿದರು. ಚಪ್ಪಾಳೆ ಬಿತ್ತು. ಅನ್ನ ಹಾಕೋದು ಮಠ, ಎದೆ ಉಬ್ಬೋದು ನಮ್ಮದು.

ಆಮೇಲೆ ದ್ರಾಕ್ಷಿ ಬಂತು. 'ಅಂಗೈಯಲ್ಲಿಟ್ಟು ಸುಕ್ಕುಗಳನ್ನು ನೋಡಿ. ಮೂಸಿ. ಕಿವಿ ಹತ್ತಿರ ಹಿಡಿದು ಒತ್ತಿ, ಸದ್ದು ಕೇಳಿ. ಆಮೇಲೆ ನಾಲಿಗೆ ಮೇಲಿಡಿ. ಕಚ್ಚಬೇಡಿ.' ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಶುರು ಮಾಡಿದ ಒತ್ತಡ ಇಳಿಸುವ ತರಬೇತಿಯಲ್ಲಿ ಇದೊಂದು ಹೆಸರಾದ ಪಾಠ. ಒಳ್ಳೆಯ ಪಾಠವೇ, ಹೊಟ್ಟೆ ತುಂಬಿದ್ದವರಿಗೆ.

ಮೂರನೇ ಸಾಲಿನಲ್ಲಿ ಮಧುಗಿರಿ ಆಚೆಯ ಹಳ್ಳಿಯಿಂದ ಬರುವ ಹುಡುಗಿ ಕೂತಿದ್ದಳು. 'ಕಿವಿ ಹತ್ತಿರ ಹಿಡಿಯಿರಿ' ಅನ್ನುವಷ್ಟರಲ್ಲಿ ಅವಳ ದ್ರಾಕ್ಷಿ ಗಂಟಲು ದಾಟಿತ್ತು.

'ಏನು ಅನುಭವ ಆಯ್ತಮ್ಮ?'

'ಇನ್ನೊಂದು ಕೊಟ್ರೆ ಹೇಳ್ತೀನಿ ಸಾರ್.'

ಸಭೆ ನಕ್ಕಿತು. ಅವಳು ನಗಲಿಲ್ಲ. ಬೆಳಗ್ಗೆ ಆರಕ್ಕೆ ಬಸ್ಸು ಹತ್ತುವವಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳ ಟಿಕೆಟ್ಟಿಗೆ ಸೊನ್ನೆ ರೂಪಾಯಿ. ತಿಂಡಿಯೂ ಸೊನ್ನೆ. ಡಬ್ಬಿ ಯಾಕೆ ತರಲ್ಲ ಅಂತ ಒಂದು ಸಲ ಕೇಳಿದ್ದೆ. 'ರಾತ್ರಿ ಮುದ್ದೆ ಮಿಕ್ಕಿರುತ್ತೆ ಸಾರ್. ಮಧ್ಯಾಹ್ನಕ್ಕೆ ಕಲ್ಲಾಗುತ್ತೆ. ಎಲ್ಲರ ಮುಂದೆ ಅದನ್ನ ಮುರೀತಾ ಕೂರಬೇಕಲ್ಲ' ಅಂದಿದ್ದಳು.

ಸರ್ಕಾರದ ಲೆಕ್ಕಾಚಾರ ನನಗೆ ಭಾರಿ ಇಷ್ಟ. ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಬಿಸಿಯೂಟ. ಎಸ್ಸೆಸ್ಸೆಲ್ಸಿ ಪಾಸಾದ ದಿನ ಹೊಟ್ಟೆಯೂ ಪಾಸಾಗಿ ಮನೆಗೆ ಹೋಗುತ್ತದೆ ಅಂತ ಕಾಣುತ್ತೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಶುರುವಾದಾಗ ಗೊತ್ತು ಮಾಡಿದ್ದು ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಅಂದರೆ ದಿನಕ್ಕೆ 50 ರೂಪಾಯಿ, ಅದರಲ್ಲೇ ರೂಮಿನ ಬಾಡಿಗೆಯೂ ಆಗಬೇಕು. ಉಳಿದೆರಡು ತಿಂಗಳು ಹೊಟ್ಟೆಗೂ ಬೇಸಿಗೆ ರಜೆ. 'ಇಂದಿರಾ ಕ್ಯಾಂಟೀನ್ ಇದೆಯಲ್ಲ, 10 ರೂಪಾಯಿಗೆ ಊಟ' ಅಂತ ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ನೆನಪಿಸಿದರು. ಇದೆ. ಅಲ್ಲಿಗೆ ನಡೆದು ಹೋಗಿ, ಕ್ಯೂ ನಿಂತು, ತಿಂದು ಬರುವಷ್ಟರಲ್ಲಿ ಮಧ್ಯಾಹ್ನದ ಹಾಜರಿ ಹೋಗಿರುತ್ತೆ. ಹಾಜರಿ ಹಾಕೋದು ನಾನೇ.

ಕೊನೆಗೆ ಒಂದು ಫಾರಂ ಕೊಟ್ಟರು. ಪಿಎಚ್‌ಕ್ಯೂ-9 ಅಂತ. ಖಿನ್ನತೆ ಅಳೆಯೋಕೆ ಡಾಕ್ಟರುಗಳು ಬಳಸುವ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಕಳೆದ ಎರಡು ವಾರದಲ್ಲಿ ಸುಸ್ತಾಗಿತ್ತೇ? ನಿದ್ದೆ ಕೆಟ್ಟಿತ್ತೇ? ಗಮನ ನಿಲ್ಲುತ್ತಿರಲಿಲ್ಲವೇ? ಐದನೆಯದು, ಹಸಿವು ಕಡಿಮೆಯೇ ಅಥವಾ ಅತಿಯಾಗಿ ತಿನ್ನುತ್ತೀರೇ? ಹಸಿವಾದಾಗ ತಿನ್ನೋಕೆ ಏನಾದರೂ ಇತ್ತೇ ಅಂತ ಕೇಳುವ ಹತ್ತನೇ ಪ್ರಶ್ನೆ ಇಲ್ಲ. ಖಿನ್ನತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅದನ್ನು ಹತ್ತಿರದಿಂದ ನೋಡಿದ್ದೇನೆ. ಆದರೆ ಎರಡು ದಿನ ಟೀ-ಬನ್ನಲ್ಲಿ ಕಳೆದವನ ಕೈಗೆ ಈ ಫಾರಂ ಕೊಟ್ಟು ನೋಡಿ, ಬೇರೆಲ್ಲೂ ಬಾರದ ಅಂಕ ಇಲ್ಲಿ ಬರುತ್ತೆ.

ಇದು ನನ್ನ ತಲೆಹರಟೆ ಅಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟು ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಅವರೇ ಒಪ್ಪಿ ಬಂದವರು. ಸಿಡುಕು, ಮಂಕು, ಯಾರ ಜೊತೆಗೂ ಬೇಡ ಅನ್ನೋ ಸ್ವಭಾವ. ಕೆಲವರಂತೂ ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದರು. ಓದಿದಾಗ ನನಗೆ ನಮ್ಮ ಹಿಂದಿನ ಬೆಂಚು ನೆನಪಾಯಿತು. ಮಧ್ಯಾಹ್ನ ಒಂದೂವರೆಗೆ ಮೂವರು ಹುಡುಗರು ಒಂದೇ ಮೊಬೈಲಿನ ಮೇಲೆ ಬಗ್ಗಿರುತ್ತಾರೆ. ಏನೋ ಅಂತ ಇಣುಕಿದರೆ, ಮಿಲಿಟರಿ ಹೋಟೆಲಿನ ರೀಲ್ಸು. ತಟ್ಟೆಗೆ ಸಾರು ಬೀಳೋ ಜಾಗಕ್ಕೆ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡುತ್ತಿರುತ್ತಾರೆ.

ಫಾರಂಗಳ ಅಂಕ ಕೂಡಿ ನೋಡಿ ನಮ್ಮವರು ಗಾಬರಿಯಾದರು. ತುರ್ತು ಸಭೆ ನಡೆಯಿತು. ಗೋಡಂಬಿ, ಬಾದಾಮಿ ಹಾಲು. ಆಪ್ತಸಮಾಲೋಚನಾ ಕೇಂದ್ರ ತೆರೆಯುವುದೆಂದು ತೀರ್ಮಾನವಾಯಿತು. ಜಾಗ ಎಲ್ಲಿ? ಟೆಂಡರ್ ಆಗದೆ ಎರಡು ವರ್ಷದಿಂದ ಬೀಗ ಹಾಕಿದ್ದ ಕ್ಯಾಂಟೀನ್ ರೂಮು ಇತ್ತಲ್ಲ. ಸುಣ್ಣ ಹೊಡೆಸಿದರು, ಫ್ಲೆಕ್ಸ್ ಹಾಕಿಸಿದರು. ಒಲೆ ಇದ್ದ ಮೂಲೆಗೆ ಸೋಫಾ ಬಂತು. ಒಗ್ಗರಣೆ ವಾಸನೆ ಮಾತ್ರ ಹೋಗಲಿಲ್ಲ. ದರಪಟ್ಟಿಯ ಮೇಲೆ ಸುಣ್ಣ ತೆಳ್ಳಗೆ ಬಿದ್ದಿದ್ದರಿಂದ 'ಚಿತ್ರಾನ್ನ 20' ಈಗಲೂ ಕಾಣುತ್ತೆ.

ಸಮಾಲೋಚಕರು ಬರುವುದು ಬುಧವಾರ, ಒಂದರಿಂದ ಎರಡರವರೆಗೆ. ಆ ಹೊತ್ತಲ್ಲಿ ಮಕ್ಕಳು ಸುಮ್ನೆ ಖಾಲಿ ಕೂತಿರ್ತಾರಲ್ಲ ಅಂತ.

ಮೊದಲ ಬುಧವಾರ ಬಾಗಿಲಲ್ಲಿ ಉದ್ದ ಸಾಲು. ನಮ್ಮವರು ಫೋಟೋ ತೆಗೆಸಿ, ಮಕ್ಕಳಲ್ಲಿ ಅರಿವು ಜಾಸ್ತಿಯಾಗಿದೆ ಅಂತ ಪತ್ರಿಕೆಗೆ ಕಳಿಸಿದರು. ಸಾಲಿನ ಕೊನೆಯಲ್ಲಿ ಮಧುಗಿರಿ ಹುಡುಗಿ ನಿಂತಿದ್ದಳು. ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು:

'ಸಾರ್, ಒಳಗೆ ಬಿಸ್ಕತ್ತು ಕೊಡ್ತಾರಂತೆ, ಹೌದಾ?'